ಹಾಲುಗದ್ದೆ ಆಸ್ಪತ್ರೆಯ ಹಲ್ಲಿನ ಕುರ್ಚಿ

ಜನವರಿ 6, ಸೋಮವಾರ

ಮಾತಾಡಿದರೆ ಗಾಳಿ ತಾಗಿ ಹಲ್ಲು ಜುಮ್ಮನ್ನುತ್ತೆ. ಸುಮ್ಮನಿದ್ದರೆ ಅದೇ ಹಲ್ಲು ತಲೆಯೊಳಗೆ ಕುಟ್ಟುತ್ತೆ. ಕೂತರೂ ಆಗಲ್ಲ, ಮಲಗಿದರೂ ಆಗಲ್ಲ. ಬೆಳಗ್ಗಿಂದ ಕಣದಲ್ಲಿ ಹರಡಿದ ಕಾಫಿ ಮಗುಚುತ್ತಾ ಓಡಾಡಿದೆ. "ಅದೇನೇ ಪುಷ್ಪಾ, ಮಗುಚಿದ್ದನ್ನೇ ಎಷ್ಟು ಸಲ ಮಗುಚ್ತೀಯ" ಅಂದರು ಅತ್ತೆ. ಉತ್ತರ ಕೊಡೋಕೂ ಬಾಯಿ ತೆರೆಯಬೇಕಲ್ಲ. ಗೊಬ್ಬರದ ಅಂಗಡಿಯವರು ನಮ್ಮ ಯಜಮಾನರಿಗೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಬರೆಯೋಕೆ ಹಲ್ಲು ಬೇಡ ಅಂತ ಎತ್ತಿಕೊಂಡೆ.

ಮೇಲಿನ ಸಾಲಿನ ಮುಂದಿನ ಹಲ್ಲುಗಳು ಅಲ್ಲಾಡೋಕೆ ಶುರುವಾಗಿ ವರ್ಷದ ಮೇಲಾಯ್ತು. ವಸಡು ಊದಿ ರಕ್ತ ಬರುತ್ತೆ. ಬಾಯಿ ವಾಸನೆ ನನಗೇ ಗೊತ್ತಾಗುತ್ತೆ. ಯಾರಾದರೂ ಎದುರು ನಿಂತರೆ ಸೆರಗು ತಾನಾಗೇ ಬಾಯಿಗೆ ಬರುತ್ತೆ. ನಲವತ್ತೊಂದಕ್ಕೇ ಹಿಂಗಾಯ್ತಲ್ಲ! ಸಕಲೇಶಪುರಕ್ಕೆ ಹೋಗಿ ತೋರಿಸಬೇಕು, ಆದರೆ ಕೊಯ್ಲು ಮುಗೀಲಿ. ಹೋದ ವರ್ಷವೂ ಕೊಯ್ಲು ಮುಗೀಲಿ ಅಂತಲೇ ಇದ್ದೆ.

ಇವತ್ತು ಪಂಚಾಯ್ತಿ ಮೀಟಿಂಗ್ ಇತ್ತು. ಇವರು ಹೋಗಿ ಬಂದರು. ಮೆಂಬರ್ ನಾನಾದರೂ ಮಾತುಕತೆ ಎಲ್ಲ ಇವರದೇ. ನಮ್ಮ ವಾರ್ಡಿಗೆ ಹೆಂಗಸರ ಸೀಟು ಬಂತು ಅಂತ ನನ್ನ ನಿಲ್ಲಿಸಿದರು, ಗೆದ್ದೆ. ಸಹಿ ಬೇಕಾದಾಗ ಪುಸ್ತಕ ಮನೆಗೇ ಬರುತ್ತೆ. ಅದೇ ಅನುಕೂಲ. ಈ ಬಾಯಿ ಇಟ್ಟುಕೊಂಡು ಅಲ್ಲಿ ಹೋಗಿ ನಾನೇನು ಮಾಡಲಿ.

ಜನವರಿ 9, ಗುರುವಾರ

ರೊಬಸ್ಟಾ ಕಾಫಿ ಕೊಯ್ಯೋಕೆ ಬರುವ ಗಂಗಾಮಣಿಯ ಕೆನ್ನೆ ಇವತ್ತು ಊದಿತ್ತು. ಕೆಳಗಿನ ದವಡೆ ಹಲ್ಲು ಹುಳುಕಾಗಿ ಬಹಳ ದಿನ ಆಯ್ತಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ತುತ್ತನ್ನು ಎಡಗಡೆಗೆ ತಳ್ಳುತ್ತಿದ್ದಳು, ನಾನು ಮುಂದಿನ ಹಲ್ಲಿಗೆ ತಾಗದ ಹಾಗೆ ಬಲಗಡೆಗೆ ತಳ್ಳುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟೆವು. ನಕ್ಕಿದ್ದಕ್ಕೆ ಇಬ್ಬರಿಗೂ ನೋವು.

"ಕಡ್ಡಿಪುಡಿ ಒತ್ಕಂಡಿದೀನಿ ಕಣಕ್ಕ. ಮಾತ್ರೇನೂ ನುಂಗಿದೀನಿ. ಕೂಲಿ ಬುಟ್ಟು ಸಕಲೇಶಪುರಕ್ಕೆ ಹೋಯ್ತೀನಿ ಅಂದ್ರೆ ಒಂದು ದಿನವೆಲ್ಲ ಬಸ್ಸಿಗೇ ಆಯ್ತದೆ. ಹೋದ್ಸಲ ಹೋದಾಗ ಡಾಕ್ಟ್ರು ಟ್ರೈನಿಂಗಿಗೆ ಹೋಗ್ಬುಟ್ಟಿದ್ರು."

"ಮತ್ತೆ ಹೋಗ್ಬೇಕಿತ್ತು ಕಣೆ."

"ನೀವ್ಯಾಕೆ ಹೋಗಿಲ್ಲ?"

ಸೆರಗು ಬಾಯಿಗೆ ಎಳೆದುಕೊಂಡೆ. ಅವಳೇ ಮುಂದುವರಿಸಿದಳು.

"ನಮ್ಮ ಹಾಲುಗದ್ದೆ ಆಸ್ಪತ್ರೇಲೇ ಹಲ್ಲಿನ ಕುರ್ಚಿ ಐತಂತಲ್ಲಕ್ಕ. ನೀವು ಮೆಂಬ್ರು. ಡಾಕ್ಟ್ರು ಯಾವಾಗ ಬತ್ತಾರೆ ಅಂತ ಒಂದ್ಮಾತು ಕೇಳ್ರಿ."

"ಇವರನ್ನ ಕೇಳ್ತೀನಿ" ಅಂದೆ.

ಜನವರಿ 10, ಶುಕ್ರವಾರ

ಕೇಳಿದೆ. "ಆ ಕುರ್ಚಿಗೆ ಡಾಕ್ಟ್ರೂ ಇಲ್ಲ, ಕರೆಂಟೂ ಇಲ್ಲ ಕಣೆ. ರಸ್ತೆಗೇ ದಿಕ್ಕಿಲ್ಲ, ಹಲ್ಲಂತೆ" ಅಂದರು. ಸರಿ, ಇವರಿಗೂ ನೂರೆಂಟು ಇರುತ್ತೆ.

ಜನವರಿ 13, ಸೋಮವಾರ

ನೋವಿನ ಮಾತ್ರೆ ಖಾಲಿ ಅಂತ ಆಸ್ಪತ್ರೆಗೆ ಹೋದೆ. ನರ್ಸ್ ಮಧುಶ್ರೀ ಮಾತ್ರೆ ಕೊಟ್ಟಳು. ಸುಮ್ಮನೆ ಬರಬೇಕಿತ್ತು. ಅದೇನನ್ನಿಸಿತೋ, "ಆ ಕುರ್ಚಿ ಎಲ್ಲೈತಮ್ಮ?" ಅಂತ ಕೇಳಿದೆ.

ಹಿಂದಿನ ರೂಮಿನ ಬೀಗ ತೆಗೆದು ತೋರಿಸಿದಳು. ಸೊಳ್ಳೆಪರದೆಯ ಗಂಟುಗಳು, ಬ್ಲೀಚಿಂಗ್ ಪೌಡರಿನ ಚೀಲಗಳು, ಅವುಗಳ ನಡುವೆ ಪ್ಲಾಸ್ಟಿಕ್ ಹೊದ್ದು ಮಲಗಿದ ಹಾಗೆ ಒಂದು ದೊಡ್ಡ ಕುರ್ಚಿ. ಪ್ಲಾಸ್ಟಿಕ್ ಎತ್ತಿ ನೋಡಿದೆ. ಒಳಗೆ ಹೊಸದಾಗೇ ಇದೆ, ತಿಳಿನೀಲಿ ಬಣ್ಣ. ಯಾರೂ ಒಂದು ದಿನವೂ ಕೂತಿಲ್ಲ.

"ಹಲ್ಲು ಕೊರೆಯೋಕೆ ಗಾಳಿ ಒತ್ತೋ ಮಿಷಿನ್ ಬಂದೇ ಇಲ್ಲಕ್ಕ. ಈ ರೂಮಿಗೆ ಸರಿಯಾದ ಕರೆಂಟ್ ಲೈನೂ ಎಳೆದಿಲ್ಲ. ಎರಡೂ ಆದ್ರೂ ಡಾಕ್ಟ್ರು ಬೇಕಲ್ಲ. ನಾನು ಬಂದಾಗಿಂದ ಹಿಂಗೇ ಐತೆ."

"ಯಾರೂ ಕೇಳ್ಲಿಲ್ವಾ?"

"ಹಲ್ಲಿಗೆ ಯಾರು ಕೇಳ್ತಾರಕ್ಕ. ಜ್ವರ, ಹೆರಿಗೆ ಅಂದ್ರೆ ಕೇಳ್ತಾರೆ."

ಮನೆಗೆ ಬಂದ ಮೇಲೂ ಆ ತಿಳಿನೀಲಿ ಕಣ್ಣಲ್ಲೇ ಇದೆ.

ಜನವರಿ 16, ಗುರುವಾರ

ಹಬ್ಬ ಆಯ್ತು. ಕಬ್ಬು ಕಚ್ಚೋಕೆ ಆಗಲಿಲ್ಲ. ಗಂಗಾಮಣಿ ಇವತ್ತು ಕೊಯ್ಲಿಗೆ ಬಂದಿಲ್ಲ.

ಜನವರಿ 20, ಸೋಮವಾರ

ಶನಿವಾರದಿಂದ ಆದದ್ದನ್ನು ಒಂದೊಂದಾಗಿ ಬರೆಯುತ್ತೇನೆ.

ಗಂಗಾಮಣಿ ಶುಕ್ರವಾರವೂ ಬರಲಿಲ್ಲ. ಶನಿವಾರ ಬೆಳಿಗ್ಗೆ ತೋಟಕ್ಕೆ ಹೋಗುವವಳು ದಾರಿ ಬಿಟ್ಟು ಅವಳ ಮನೆ ಕಡೆಗೆ ತಿರುಗಿದೆ. ಬಾಗಿಲಲ್ಲಿ ಅವಳ ಗಂಡ ರಂಗಸ್ವಾಮಿ ಕೂತಿದ್ದ. "ಸ್ವಲ್ಪ ಊತ ಜಾಸ್ತಿ ಆಗೈತೆ ಅಮ್ಮಾರೆ. ಸೋಮವಾರ ಕರ್ಕಂಡು ಹೋಯ್ತೀನಿ" ಅಂದ.

ಒಳಗೆ ನೋಡಿದರೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಕೈಯಲ್ಲಿ ತೋರಿಸಿದಳು. ಕೆನ್ನೆಯ ಊತ ಗಲ್ಲದ ಕೆಳಗೆ ಇಳಿದು ಕತ್ತು ಪೂರ್ತಿ ತುಂಬಿಕೊಂಡಿತ್ತು. ಮುಟ್ಟಿದೆ, ಹಲಗೆ ಹಾಗೆ ಗಟ್ಟಿ, ಬಿಸಿ. ನಾಲಿಗೆ ಮೇಲೆದ್ದು ನಿಂತಿತ್ತು. ಎಂಜಲು ನುಂಗೋಕೆ ಆಗದೆ ಸೀರೆ ಮೇಲೆ ಇಳಿಯುತ್ತಿತ್ತು. "ಅಕ್ಕ" ಅಂದಿದ್ದು ಬಾಯಿ ತುಂಬ ಬಿಸಿ ಅನ್ನ ಇಟ್ಟುಕೊಂಡು ಅಂದ ಹಾಗೆ ಕೇಳಿಸಿತು.

"ಸೋಮವಾರ ಅಂತೀಯಲ್ಲೋ! ಈಗಲೇ ಹೊರಡು" ಅಂತ ಕಿರುಚಿದೆ. ಹಲ್ಲು ಅಲ್ಲಾಡಿ ಪ್ರಾಣ ಹೋದ ಹಾಗಾಯ್ತು.

ಇವರಿಗೆ ಫೋನ್ ಮಾಡಿದೆ, ಅವರಿದ್ದ ಕಡೆ ಸಿಗ್ನಲ್ ಇಲ್ಲ. ಇವರನ್ನ ಕೇಳದೆ ಹೆಂಗೆ ಅಂತ ಒಂದು ಗಳಿಗೆ ನಿಂತೆ. ಗಂಗಾಮಣಿಯ ಉಸಿರು ಸೀಟಿಯ ಹಾಗೆ ಕೇಳುತ್ತಿತ್ತು. ಜೀಪಿನ ಧರ್ಮನಿಗೆ ಫೋನ್ ಹಚ್ಚಿದೆ.

"ಬೆಳಗೋಡು ರಸ್ತೇಲಿ ಆನೆ ಗುಂಪು ಐತೆ ಮಾರಾಯ್ತಿ, ಫಾರೆಸ್ಟಿನವರ ಮೆಸೇಜ್ ನೋಡ್ಲಿಲ್ವಾ? ಬಸ್ಸೇ ನಿಲ್ಸವ್ರೆ" ಅಂದ.

"ನೋಡಿದೀನಿ. ಬಾ."

ಬಂದ. ಗಂಗಾಮಣಿ, ರಂಗಸ್ವಾಮಿಯನ್ನು ಹತ್ತಿಸಿಕೊಂಡು ಹೊರಟರೆ ಫಾರೆಸ್ಟಿನವರು ದಾರಿಗೆ ಅಡ್ಡ ನಿಂತಿದ್ದರು. ಎಡಗಡೆ ತೋಟದೊಳಗೆ ಕೊಂಬೆ ಮುರಿಯುವ ಸದ್ದು. ಆನೆ ದಾಟುವವರೆಗೂ ಬಿಡಲ್ಲ ಅಂದರು. ನಾನು ಇಳಿದು ಹೋಗಿ, ಒಂದು ಸಲ ಜೀಪಿನೊಳಗೆ ನೋಡಿ ಬಿಡಿ, ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ ಅಂದೆ. ಅವರಲ್ಲಿ ಹಿರಿಯರೊಬ್ಬರು ಬಂದು ನೋಡಿದರು. ಪಟಾಕಿ ಹಿಡಿದು ತಾವೇ ಜೀಪಿನ ಮುಂದೆ ನಡೆದರು. ಬೋನೆಟ್ಟಿನ ಮೇಲೆ ಕೈಯಿಟ್ಟುಕೊಂಡೇ ತಿರುವು ದಾಟಿಸಿದರು. ಮರಿ ಆನೆಯೊಂದು ಬೇಲಿ ಪಕ್ಕ ನಿಂತಿದ್ದು ಕಂಡಿತು. ಹೆದರಿಕೆ ಆಗೋಕೂ ಪುರುಸೊತ್ತಿರಲಿಲ್ಲ.

ಸಕಲೇಶಪುರದ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟ್ರು ರಶ್ಮಿತಾ ಅಂತ. ಚಿಕ್ಕ ವಯಸ್ಸು. ಬಾಯೊಳಗೆ ಟಾರ್ಚ್ ಹಾಕಿ ನೋಡಿದವರೇ ಓಡಿಹೋಗಿ ಆಂಬುಲೆನ್ಸ್ ಕರೆಸಿದರು. ಇಂಜೆಕ್ಷನ್ ಕೊಟ್ಟು, ಹಾಸನಕ್ಕೆ ತಾವೇ ಫೋನ್ ಮಾಡಿ ಹೇಳಿದರು. ಹಲ್ಲಿನ ಕೀವು ಕತ್ತಿಗೆ ಇಳಿದು ಉಸಿರಿನ ದಾರಿ ಒತ್ತುತ್ತಿದೆಯಂತೆ. ಹಾಸನದಲ್ಲಿ ಕತ್ತಿನ ಹತ್ತಿರ ಕೊಯ್ದು ಕೀವು ತೆಗೆದರು. ಗಂಟಲಿಗೆ ನಳಿಗೆ ಹಾಕಿದ್ದಾರೆ. ಸಂಜೆವರೆಗೆ ಬಿಟ್ಟಿದ್ದರೆ ಉಳೀತಿರಲಿಲ್ಲ ಅಂದರು.

ಒಂದು ಹುಳುಕು ಹಲ್ಲು! ರಂಗಸ್ವಾಮಿ ಬೆಂಚಿನ ಮೇಲೆ ಕೂತು ಅಳುತ್ತಿದ್ದ. "ಹಲ್ಲಿಗೆ ಯಾರಾದ್ರೂ ಸಾಯ್ತಾರಾ ಅಮ್ಮಾರೆ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದ.

ಇವತ್ತು ಮನೆಗೆ ಬಂದೆ. ಇವರು ಬೈಯಲಿಲ್ಲ. "ಹೇಳಿ ಹೋಗ್ಬೇಕಿತ್ತು" ಅಂದರು ಅಷ್ಟೇ.

ಜನವರಿ 27, ಸೋಮವಾರ

ಅವತ್ತು ಆ ಗಡಿಬಿಡಿಯಲ್ಲೂ ಡಾಕ್ಟ್ರು ರಶ್ಮಿತಾ ನನ್ನ ಕಡೆ ತಿರುಗಿ, "ನೀವೂ ಬಂದು ತೋರಿಸಿ, ಸೆರಗಿನ ಹಿಂದೆ ಏನಿದೆ ಅಂತ ನನಗೆ ಗೊತ್ತಾಗುತ್ತೆ" ಅಂದಿದ್ದರು. ಇವತ್ತು ಒಬ್ಬಳೇ ಹೋದೆ. ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಇದೆಯಂತೆ! ನನಗೆ ಗೊತ್ತೇ ಇರಲಿಲ್ಲ. ಅದೇ ವಸಡನ್ನು ತಿಂದಿರೋದು. ಮೇಲಿನ ಮುಂದಿನ ಹಲ್ಲುಗಳನ್ನು ಉಳಿಸೋಕೆ ಆಗಲ್ಲ. ಶುಗರ್ ಹತೋಟಿಗೆ ಬಂದ ಮೇಲೆ ಕೀಳಬೇಕು. ಗಾಯ ಪೂರ್ತಿ ಮಾಗಿದ ಮೇಲೆ ಕಟ್ಟಿದ ಹಲ್ಲು. ಅಲ್ಲಿವರೆಗೂ ಬೋಳು.

ಅಲ್ಲೇ ಅತ್ತುಬಿಟ್ಟೆ. ಡಾಕ್ಟ್ರು ನೀರು ಕೊಟ್ಟರು. ಸುಮ್ಮನೆ ಕೂರೋಕೆ ಆಗದೆ ಹಾಲುಗದ್ದೆಯ ಕುರ್ಚಿ ವಿಷಯ ಎತ್ತಿದೆ.

"ಗೊತ್ತು. ವಾರಕ್ಕೊಂದು ದಿನ ಅಲ್ಲಿಗೆ ಹೋಗ್ತೀನಿ ಅಂತ ನಾನೇ ಕೇಳಿದ್ದೆ. ಅಲ್ಲಿಂದ ಬೇಡಿಕೆನೇ ಇಲ್ಲವಲ್ಲ, ಜನ ಬರ್ತಾರಾ ಅಂತ ಮೇಲಿನವರು ಕೇಳಿದ್ರು. ಅಲ್ಲಿಗೇ ನಿಂತುಹೋಯ್ತು" ಅಂದರು.

"ಬೇಡಿಕೆ ಅಂದ್ರೆ?"

"ಊರಿನವರು ಕೇಳಬೇಕು ಪುಷ್ಪಕ್ಕ. ಗ್ರಾಮಸಭೆಯಲ್ಲಿ ಕೇಳಿದ್ರೆ ಅದಕ್ಕೊಂದು ತೂಕ ಇರುತ್ತೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಕೂರೋಕೆ ಆಗಲಿಲ್ಲ. ನಿಂತೇ ಬಂದೆ.

ಫೆಬ್ರವರಿ 3, ಸೋಮವಾರ

ಕೊಯ್ಲು ಮುಗಿದಿಲ್ಲ, ನಾನು ಮನೆಯಲ್ಲಿ ನಿಲ್ಲುತ್ತಿಲ್ಲ ಅಂತ ಅತ್ತೆ ಗೊಣಗಿದರು. ನಿಜ. ಇವತ್ತು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಹೋಗಿದ್ದೆ. ಹಲ್ಲು ನೋವಿದೆಯಾ ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ನನ್ನ ಬಾಯಿ ತೆರೆದು ತೋರಿಸಿ, ನೋಡಿ ನನ್ನದು ಹಿಂಗಾಗಿದೆ ಅಂದರೆ ಆಗ ಒಬ್ಬೊಬ್ಬರಾಗಿ ಬಾಯಿ ತೆರೆಯುತ್ತಾರೆ. ದೇವರೇ, ಏನೇನು ನೋಡಿದೆ! ಒಬ್ಬಳು ತನ್ನ ಹಲ್ಲನ್ನು ತಾನೇ ದಾರ ಕಟ್ಟಿ ಕಿತ್ತುಕೊಂಡು ಅರ್ಧ ಬುಡ ಒಳಗೇ ಮುರಿದಿದೆ. ಒಬ್ಬ ಮುದುಕರು ಕೆನ್ನೆಯೊಳಗೆ ಬೆಳ್ಳಗೆ ದಪ್ಪಗಾಗಿದ್ದನ್ನು ತೋರಿಸಿ, ಖಾರ ತಿಂದರೆ ಉರೀತದೆ, ಬೇರೇನಿಲ್ಲ ಅಂದರು. ಅವರಿಗೆ ನಾಳೆಯೇ ಸಕಲೇಶಪುರಕ್ಕೆ ಹೋಗಿ ಅಂದೆ. ಹೋಗ್ತಾರೋ ಇಲ್ಲವೋ. ನಾಳೆ ಮತ್ತೆ ಹೋಗಿ ನೋಡಬೇಕು.

ಫೆಬ್ರವರಿ 4, ಮಂಗಳವಾರ

ಆ ಮುದುಕರು ಹೋಗಿರಲಿಲ್ಲ. ಬಸ್ಸು ಹತ್ತಿಸಿ ಬಂದೆ.

ಫೆಬ್ರವರಿ 13, ಗುರುವಾರ

ಶುಗರ್ ಮಾತ್ರೆಗೆ ಬಗ್ಗಿತು ಅಂತ ಹಲ್ಲು ಕಿತ್ತರು.

ಕನ್ನಡಿ ನೋಡಿದೆ. ಮೇಲಿನ ತುಟಿ ಒಳಗೆ ಬಿದ್ದು ಮುಖವೇ ಬೇರೆಯವರದು. ಇವರು ಊಟಕ್ಕೆ ಬಂದವರು ತಟ್ಟೆಯನ್ನೇ ನೋಡುತ್ತಾ ಉಂಡು ಎದ್ದರು. ಬೇಜಾರು ಮಾಡಿಕೊಂಡಿದ್ದಾರೆ, ನನ್ನ ಮೇಲಲ್ಲ ಅಂತ ಗೊತ್ತು. ಆದರೂ ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ.

ಅತ್ತೆ ಜಗದಾಂಬ ಹಿಂದೆಯೇ ಬಂದರು. "ಅದ್ಯಾಕೆ ಅಳ್ತೀಯೆ? ನನ್ನ ಬಾಯಲ್ಲಿ ಎಷ್ಟು ಅವೆ ನೋಡು" ಅಂತ ಬೊಚ್ಚು ಬಾಯಿ ಅಗಲಿಸಿದರು. ಒಂದೂ ಇಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರ ಬಾಯೊಳಗೆ ನಾನು ಇಣುಕಿರಲಿಲ್ಲ. ಕಡುಬನ್ನು ಆರಿದ ಸಾರಲ್ಲಿ ಹಿಸುಕಿ ಕೊಟ್ಟರು. "ನಾಲಗೇಲಿ ಮೇಲಕ್ಕೆ ಒತ್ತು. ಹಂಗೆ. ಅವಸರ ಮಾಡ್ಬೇಡ." ಮೂರನೇ ತುತ್ತಿಗೆ ನನಗೆ ನಗು ಬಂತು. ಅವರಿಗೂ.

ಫೆಬ್ರವರಿ 19, ಬುಧವಾರ

ಗಂಗಾಮಣಿ ಊರಿಗೆ ಬಂದಳು. ಕತ್ತಿನ ಮೇಲೆ ಉದ್ದಕ್ಕೆ ಗಾಯದ ಗೆರೆ. ಮಾತು ಸಣ್ಣಗೆ ಬರುತ್ತೆ. ನನ್ನ ಬಾಯಿ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಶುಕ್ರವಾರ ಗ್ರಾಮಸಭೆಗೆ ಬರ್ತೀಯಾ ಅಂದೆ. "ನಾನು ಅಲ್ಲಿ ಏನ್ ಮಾಡ್ಲಕ್ಕ?" ಅಂದಳು. ಸುಮ್ಮನೆ ಬಾ ಅಂದೆ.

ಇವರು ಹೇಳಿದರು, "ಕುರ್ಚಿ ವಿಷಯ ನಾನೇ ಎತ್ತುತ್ತೀನಿ. ನೀನು ಈ ಬಾಯಲ್ಲಿ ಬರ್ಬೇಡ ಕಣೆ. ಜನ ಆಡ್ಕೋತಾರೆ. ನಂಗೆ ತಡ್ಕೊಳ್ಳಕ್ಕಾಗಲ್ಲ." ಅವರು ಹೇಳೋದೂ ಸರಿಯೇ. ಅವರೇ ಹೇಳಲಿ, ನಾನು ಹಿಂದೆ ಕೂರ್ತೀನಿ ಅಂದುಕೊಂಡಿದ್ದೇನೆ.

ಫೆಬ್ರವರಿ 21, ಶುಕ್ರವಾರ

ಗ್ರಾಮಸಭೆ ಮುಗಿಸಿ ಈಗಷ್ಟೇ ಬಂದೆ.

ಶಾಲೆ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಧ್ಯಕ್ಷರು ಶಾಂತಮಲ್ಲಪ್ಪನವರು, ಪಂಚಾಯ್ತಿ ಅಧಿಕಾರಿ ಪಿಡಿಒ, ಸಭೆ ನೋಡಿಕೊಳ್ಳೋಕೆ ಮೇಲಿಂದ ಬಂದಿದ್ದ ನೋಡಲ್ ಅಧಿಕಾರಿ ಒಬ್ಬರು ಹೆಂಗಸು, ಆರೋಗ್ಯ ಇಲಾಖೆಯವರು ಒಬ್ಬರು. ರಸ್ತೆ, ನೀರು, ಆನೆ ಪರಿಹಾರ ಎಲ್ಲ ಮುಗಿದ ಮೇಲೆ ಇವರು ಎದ್ದು, "ನಮ್ಮ ವಾರ್ಡಿನ ಕಡೆಯಿಂದ ಒಂದು ವಿಷಯ" ಅಂದರು.

ನೋಡಲ್ ಅಧಿಕಾರಿ ತಲೆ ಎತ್ತಿದರು. "ನೀವು ಮೆಂಬರಾ?"

"ನಮ್ಮ ಮನೆಯವರು, ಮೇಡಂ."

"ಹಾಗಾದ್ರೆ ನೀವು ಕೂತ್ಕೊಳ್ಳಿ. ಅವರು ಬಂದಿದ್ದಾರಾ?"

ಇವರು ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿದರು. ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಮೈಕು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂದುಬಿಟ್ಟಿತ್ತು. ಎದ್ದೆ.

ಹೇಳಬೇಕಾದ್ದನ್ನು ಮನೆಯಲ್ಲಿ ಇವರಿಗೆ ಬರೆದು ಕೊಟ್ಟಿದ್ದೆ. ಅದೇ ಬಾಯಿಗೆ ಬಂತು. "ನಮ್ಮ ಆಸ್ಪತ್ರೆಗೆ ದಂತ ವೈದ್ಯರು ಬೇಕು." ಅದು ಬಂದಿದ್ದು "ಹಂಹ ವೈಹ್ಯರು" ಅಂತ. ಹಲ್ಲಿಲ್ಲದೆ ಆ ಅಕ್ಷರಗಳೇ ಹುಟ್ಟಲ್ಲ ಅಂತ ನನಗೇನು ಗೊತ್ತು. ಮೈಕಿನಲ್ಲಿ ಇನ್ನೂ ಜೋರಾಗಿ ಕೇಳಿಸಿತು. ಮೊದಲು ಗಂಡಸರ ಕಡೆಯಿಂದ ನಗು, ಆಮೇಲೆ ಹೆಂಗಸರ ಕಡೆಯಿಂದಲೂ. ಶಾಂತಮಲ್ಲಪ್ಪನವರು ಶಾಲು ಅಡ್ಡ ಹಿಡಿದುಕೊಂಡು ನಗುತ್ತಿದ್ದರು. ಇವರು ನೆಲ ನೋಡುತ್ತಿದ್ದರು.

ಕೂತುಬಿಡೋಣ ಅನ್ನಿಸಿತು. ಮೈಕು ಗಟ್ಟಿಯಾಗಿ ಹಿಡಿದೆ.

"ನಗ್ರಿ. ಹಲ್ಲಿರೋರು ನಗಬೇಕು. ನಾನು ಕಾಯ್ತೀನಿ" ಅಂದೆ.

ನಿಜವಾಗಿಯೂ ಕಾದೆ. ನಗು ಹಾಗೇ ಇಳಿದು, ಶಾಮಿಯಾನದ ಬಟ್ಟೆ ಪಟಪಟ ಅನ್ನೋದು ಕೇಳಿಸಿತು.

"ಹಲ್ಲಿನ ಡಾಕ್ಟ್ರು ಬೇಕು" ಅಂದೆ. ಅದು ಸರಿಯಾಗಿ ಬಂತು. ಮತ್ತೆ ಗಂಗಾಮಣಿ ಕತೆ ಹೇಳಿದೆ. ಬಸ್ಸು, ಆನೆ, ಹಾಸನ, ಕತ್ತಿಗೆ ಹಾಕಿದ ಕತ್ತಿ. ಹಿಂದಿನ ರೂಮಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿರೋ ಕುರ್ಚಿ. ಅಷ್ಟರಲ್ಲಿ ಗಂಗಾಮಣಿ ತಾನೇ ಎದ್ದು ನಿಂತಳು. ಕತ್ತಿನ ಮೇಲಿದ್ದ ಟವೆಲ್ ತೆಗೆದಳು. ಮುಂದಿನ ಸಾಲಿನವರು ಮುಖ ತಿರುಗಿಸಿದರು.

ಆರೋಗ್ಯ ಇಲಾಖೆಯವರು, "ಡಾಕ್ಟ್ರನ್ನ ಕಳಿಸಬಹುದಮ್ಮ, ಜನ ಬರಬೇಕಲ್ಲ. ಹಳ್ಳಿಯಲ್ಲಿ ಹಲ್ಲು ತೋರಿಸೋಕೆ ಯಾರೂ ಬರಲ್ಲ ಅನ್ನೋದು ನಮ್ಮ ಅನುಭವ" ಅಂದರು.

"ಇಲ್ಲಿ ಹಲ್ಲು ನೋವು ಯಾರಿಗೈತೆ, ಕೈ ಎತ್ತಿ" ಅಂದೆ. ಯಾರೂ ಎತ್ತಲಿಲ್ಲ. ಆಮೇಲೆ ಲೈನ್ ಮನೆಯ ಹೆಂಗಸರು ಎತ್ತಿದರು, ದಾರ ಕಟ್ಟಿಕೊಂಡು ಕಿತ್ತುಕೊಂಡವಳು ಮೊದಲು. ಅವಳ ಹಿಂದೆ ಒಂದೊಂದಾಗಿ. ನಮ್ಮತ್ತೆ ಎತ್ತಿದರು, ಅವರಿಗೆ ಹಲ್ಲೇ ಇಲ್ಲ. ಕೊನೆಗೆ ಶಾಂತಮಲ್ಲಪ್ಪನವರು ಎಲ್ಲೋ ನೋಡುತ್ತಾ ಮೊಣಕೈ ಮಟ್ಟಕ್ಕೆ ಕೈ ಎತ್ತಿದರು. "ಎರಡು ವರ್ಷದಿಂದ ಒಂದೇ ಕಡೆ ಅಗಿತಾ ಇದೀನಿ ಮಾರಾಯ" ಅಂದರು ಪಿಡಿಒ ಕಡೆಗೆ.

ಕರೆಂಟ್ ಲೈನ್ ಎಳೆಸೋದು ಪಂಚಾಯ್ತಿಯ ಕೆಲಸ, ಮಿಷಿನ್ನು ಮತ್ತು ಡಾಕ್ಟ್ರು ಇಲಾಖೆಯ ಕೆಲಸ ಅಂತ ಸಭೆಯಲ್ಲಿ ಬರೆಸಿಕೊಂಡರು.

ಬೈಕಿನಲ್ಲಿ ಬರುವಾಗ ಇವರಿಗೆ ಕೋಪ ಬಂದಿರಬೇಕು ಅಂದುಕೊಂಡೆ. ಮನೆ ಹತ್ತಿರ ಬಂದಾಗ, "ಪಿಡಿಒ ನಂಬರ್ ನಿನ್ನ ಫೋನಿಗೆ ಹಾಕ್ಕೊಡ್ತೀನಿ. ಬೇಕಾಗ್ತದೆ" ಅಂದರು.

ಮಾರ್ಚ್ 5, ಬುಧವಾರ

ಪಿಡಿಒಗೆ ಫೋನ್. ನಾಳೆ ಅಂದರು.

ಮಾರ್ಚ್ 6, ಗುರುವಾರ

ಇವತ್ತೂ ನಾಳೆ ಅಂದರು. ನಾಳೆ ಪಂಚಾಯ್ತಿ ಆಫೀಸಿಗೇ ಹೋಗಿ ಕೂರ್ತೀನಿ.

ಮಾರ್ಚ್ 12, ಬುಧವಾರ

ಲೈನ್‌ಮ್ಯಾನ್ ಸಂಜಯ್ ಕಂಬದಿಂದ ಹೊಸ ವೈರ್ ಎಳೆದ. ಸೊಳ್ಳೆಪರದೆ, ಬ್ಲೀಚಿಂಗ್ ಚೀಲ ಎಲ್ಲ ಬೇರೆ ರೂಮಿಗೆ ಸಾಗಿಸಿದೆವು, ನಾನು, ಮಧುಶ್ರೀ, ಗಂಗಾಮಣಿ. ಮಿಷಿನ್ ಬಂದಿಲ್ಲ. ಮೇಲಿನ ಆಫೀಸಿಗೆ ಫೋನ್ ಮಾಡಿದರೆ ಹಾಸನದಿಂದ ಹೊರಟಿದೆ ಅನ್ನುತ್ತಾರೆ. ಹಾಸನದಿಂದ ಇಲ್ಲಿಗೆ ನಡೆದುಕೊಂಡು ಬರುತ್ತಿದೆಯೇನೋ. ಫೋನಿನಲ್ಲಿ ಹಾಗೇ ಕೇಳಿದೆ. ಆ ಕಡೆಯವರಿಗೆ ನಗು ಬಂತು. ನಗೋಕೆ ಏನಿದೆ ಅಂತ ಗೊತ್ತಾಗಲಿಲ್ಲ.

ವಸಡು ಮಾಗಿದೆ. ಶುಗರ್ ಇಳಿದಿದೆ. ಮಾತ್ರೆ ಮರೆಯಬಾರದು.

ಮಾರ್ಚ್ 22, ಶನಿವಾರ

ಮಿಷಿನ್ ಬಂತು! ಡಾಕ್ಟ್ರು ರಶ್ಮಿತಾ ಪ್ರತಿ ಶುಕ್ರವಾರ ಬರಬೇಕು ಅಂತ ಆದೇಶವೂ ಆಯ್ತಂತೆ, ಅವರೇ ಫೋನ್ ಮಾಡಿದರು. ಲೈನ್ ಮನೆಯ ಆ ಮುದುಕರದ್ದೂ ಹೇಳಿದರು. ಕೆನ್ನೆಯದನ್ನು ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರಿಗೆ ಇನ್ನೂ ತಿರುಗಿಲ್ಲ. ಹೊಗೆಸೊಪ್ಪು ಬಿಟ್ಟರೆ, ಆಗಾಗ ತೋರಿಸುತ್ತಾ ಇದ್ದರೆ ಉಳೀತಾರೆ. ಕೇಳಿ ಅಡುಗೆಮನೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದೆ.

ಮಾರ್ಚ್ 28, ಶುಕ್ರವಾರ

ಮೊದಲ ದಿನ. ಬೆಳಿಗ್ಗೆ ಒಬ್ಬರೂ ಬರಲಿಲ್ಲ.

ನಿನ್ನೆ ಹೂಮಳೆ ಹೊಯ್ದು ಕಾಫಿ ಗಿಡವೆಲ್ಲ ಬೆಳ್ಳಗಾಗುವ ಲಕ್ಷಣ. ಎಲ್ಲರಿಗೂ ಅದೇ ಸಂಭ್ರಮ. ಡಾಕ್ಟ್ರು ಬೆಳಗಿನ ಬಸ್ಸಿಗೇ ಬಂದು ಏಪ್ರನ್ ಹಾಕಿಕೊಂಡು ಕೂತರು. ನಿನ್ನೆಯ ಮಳೆಗೆ ಕರೆಂಟೂ ಹೋಗಿತ್ತು. ಆರೋಗ್ಯ ಇಲಾಖೆಯವರ ಮಾತೇ ಕಿವಿಯಲ್ಲಿ ಕೇಳುತ್ತಿತ್ತು. ಡಾಕ್ಟ್ರು "ಪರವಾಗಿಲ್ಲ ಪುಷ್ಪಕ್ಕ, ಮುಂದಿನ ವಾರ" ಅಂದರು. ಅವರ ಮುಖ ನೋಡೋಕೆ ಆಗಲಿಲ್ಲ.

ಹೊರಗೆ ಹೋಗಿ ಇವರಿಗೆ ಫೋನ್ ಮಾಡಿದೆ. ಜನರೇಟರ್ ಎಲ್ಲಿಂದಾದ್ರೂ ತನ್ನಿ ಅಂದೆ. ಎಲ್ಲಿಂದ ತರ್ಲಿ ಅಂದರು. ನಂಗೆ ಗೊತ್ತಿಲ್ಲ, ತನ್ನಿ ಅಂದೆ. ಧರ್ಮನ ಜೀಪು ಹತ್ತಿ ಲೈನ್ ಮನೆಗೆ ಹೋದರೆ ಎಲ್ಲರೂ ಬಾಗಿಲ ಹಿಂದೆ. "ಬತ್ತೀವಿ ಅಮ್ಮಾರೆ, ಇವತ್ತು ಬೇಡ." ಸಭೆಯಲ್ಲಿ ಕೈ ಎತ್ತಿದ್ದವರೇ! ಭಯ. ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅಂತ ಯಾರೋ ಹಬ್ಬಿಸಿದ್ದಾರೆ.

"ನನ್ನ ಕಣ್ಣು ಹೋಗೈತಾ ನೋಡ್ರಿ!" ಅಂದೆ. ಒಬ್ಬಳ ಕಿವಿಯೋಲೆಯ ಕಲ್ಲು ಎಷ್ಟು ಅಂತ ಎಣಿಸಿ ಹೇಳಿದೆ. ಅವಳು ನಕ್ಕಳು. ಅವಳನ್ನು ಜೀಪಿಗೆ ಹತ್ತಿಸಿದೆ. ಅವಳ ಹಿಂದೆ ಇನ್ನಿಬ್ಬರು ಬಂದರು. ಆಸ್ಪತ್ರೆಗೆ ಬಂದರೆ ಬಾಗಿಲ ಹತ್ತಿರ ಜನರೇಟರ್ ಗುಡುಗುತ್ತಿತ್ತು, ಇವರು ಪಕ್ಕದಲ್ಲಿ ಕೈಯೆಲ್ಲ ಎಣ್ಣೆ ಮಾಡಿಕೊಂಡು ನಿಂತಿದ್ದರು. ಒಳಗೆ ಕುರ್ಚಿಯಲ್ಲಿ ಆಗಲೇ ಯಾರೋ ಇದ್ದರು. ಶಾಂತಮಲ್ಲಪ್ಪನವರು. ಬಾಯಿ ತೆರೆದುಕೊಂಡು, ಎರಡೂ ಕೈಯಲ್ಲಿ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡು.

ಏಪ್ರಿಲ್ 11, ಶುಕ್ರವಾರ

ಇವತ್ತು ನನ್ನ ಕಟ್ಟುಹಲ್ಲಿನ ಅಳತೆ ತಗೋಬೇಕಿತ್ತು. ಡಾಕ್ಟ್ರು ಬೆಳಿಗ್ಗೆಯೇ, "ಮೊದಲು ನೀವು ಕೂತ್ಕೊಳ್ಳಿ, ಆಮೇಲೆ ನೀವು ಕೈಗೇ ಸಿಗಲ್ಲ" ಅಂದರು. ಕೂರೋಣ ಅಂತಲೇ ಇದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಹೆಂಗಸು, ಹೊಂಗಡಹಳ್ಳದವಳಂತೆ. ಇಲ್ಲಿ ಅಕ್ಕನ ಮನೆಗೆ ಬಂದವಳು, ಶುಕ್ರವಾರ ಹಲ್ಲಿನ ಡಾಕ್ಟ್ರು ಬರ್ತಾರೆ ಅಂತ ಕೇಳಿ ಬಂದಿದ್ದಳು. ಕೆನ್ನೆ ಊದಿದೆ, ಕಣ್ಣು ಕೆಂಪು. ಒಳಗೂ ಬರಲ್ಲ, ಹೊರಗೂ ಹೋಗಲ್ಲ, ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದಳು. ನಾನು ಅವಳ ಗಲ್ಲದ ಕೆಳಗೆ ಮುಟ್ಟಿ ನೋಡಿದೆ. ಮೆತ್ತಗಿತ್ತು, ಕತ್ತಿಗೆ ಇಳಿದಿಲ್ಲ.

"ಇವರದು ಮೊದಲು ಆಗ್ಲಿ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ನರ್ಸಾ ಅಕ್ಕ?"

"ಅಲ್ಲಮ್ಮ, ಈ ಊರಿನ ಮೆಂಬರ್ರು. ಬಾ ಒಳಗೆ. ನಾನು ಇಲ್ಲೇ ಇರ್ತೀನಿ."

ಇಂಜೆಕ್ಷನ್ ನೋಡಿದವಳೇ ನನ್ನ ಕೈ ಹಿಡಿದ ಹಿಡಿತಕ್ಕೆ ಎರಡು ಬಳೆ ಒಡೆದವು. ಹಲ್ಲು ಬಂದಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಡಾಕ್ಟ್ರು ಬಟ್ಟಲಲ್ಲಿ ತೋರಿಸಿದಾಗ, ಇಷ್ಟೇನಾ ಅನ್ನುವ ಹಾಗೆ ನನ್ನ ಕಡೆ ನೋಡಿದಳು. ಹತ್ತಿ ಕಚ್ಚಿಕೊಂಡಿದ್ದಳು, ಮಾತಾಡೋ ಹಾಗಿರಲಿಲ್ಲ.

ಅವಳ ಹಿಂದೆ ಸಾಲು ಬೆಳೆಯಿತು. ಮಧ್ಯಾಹ್ನ ಮುದುಕರೊಬ್ಬರಿಗೆ ತಲೆ ಸುತ್ತು ಬಂದು ಅವರಿಗೆ ಕಾಫಿ ಕುಡಿಸಿ ಕೂರಿಸಿದೆ. ಸಂಜೆ ಡಾಕ್ಟ್ರು ಬಸ್ಸಿಗೆ ಹೊರಟಾಗ ನೆನಪಾಯ್ತು, ನನ್ನ ಅಳತೆ! ಅವರು ತಲೆ ಚಚ್ಚಿಕೊಂಡರು. ಮುಂದಿನ ಶುಕ್ರವಾರಕ್ಕೆ ಬರೆದುಕೊಂಡಿದ್ದಾರೆ.

ಅದೂ ಆಗುತ್ತೋ ಇಲ್ಲವೋ. ತಮ್ಮೂರಿನ ಆಚೆ ಬಿಸಿಲೆ ಕಡೆಯಲ್ಲಿ ಇನ್ನೂ ಸುಮಾರು ಜನ ಇದ್ದಾರೆ, ಹೇಳಿ ಕಳಿಸ್ತೀನಿ ಅಂತ ಆ ಹೊಂಗಡಹಳ್ಳದವಳು ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದಳು.